ಕುಡುಗೋಲು ತಗುಲಿದ ಬೆರಳು: ಹೊಲಿಗೆಗೆ ಮುಂಚಿನ ಅರ್ಧ ಗಂಟೆ

ಹಳೆ ಮೈಸೂರು ಸೀಮೆಯಲ್ಲಿ ರಾಗಿ ಕೊಯ್ಲು ಶುರುವಾಯಿತೆಂದರೆ ತಾಲ್ಲೂಕು ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿಗೆ ಬರುವ ಗಾಯಗಳ ಜಾತಿಯೇ ಬದಲಾಗುತ್ತದೆ. ಎಡಗೈಯಲ್ಲಿ ಪೈರಿನ ಹಿಡಿ, ಬಲಗೈಯಲ್ಲಿ ಕುಡುಗೋಲು. ಹಿಡಿಯ ಕೆಳಗೆ ಅಲಗು ಹಾಕಿ ತನ್ನ ಕಡೆಗೆ ಎಳೆಯುವಾಗ ಕೈ ತಪ್ಪಿದರೆ ಮೊದಲು ಸಿಗುವುದು ಎಡಗೈಯ ಕಿರುಬೆರಳು, ಆಮೇಲೆ ಉಂಗುರ ಬೆರಳು. ಹೊರಗಿನಿಂದ ನೋಡಿದರೆ ಎರಡು ಮೂರು ಸೆಂ.ಮೀ. ಸೀಳು, ಅಷ್ಟೆ. ಬಂದವರು ಕೇಳುವುದೂ ಅಷ್ಟನ್ನೇ: "ಎರಡು ಹೊಲಿಗೆ ಹಾಕಿ ಒಂದು ಟಿಟಿ ಕೊಟ್ಬಿಡಿ ಸಿಸ್ಟರ್, ಹೊಲದಲ್ಲಿ ಆಳುಗಳು ಕಾಯ್ತಾವ್ರೆ."

ಹೊಲಿಗೆಗೆ ಹತ್ತು ನಿಮಿಷ ಸಾಕು. ಅದಕ್ಕೆ ಮುಂಚೆ ನಮಗೆ ಅರ್ಧ ಗಂಟೆ ಬೇಕು. ಬೆರಳು ಮುಂದೆ ಮಡಿಸಲು ಬರುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಆ ಅರ್ಧ ಗಂಟೆಯಲ್ಲೇ ತೀರ್ಮಾನವಾಗುತ್ತದೆ. ಹಾಗಾಗಿ ಎಷ್ಟೇ ರಶ್ ಇದ್ದರೂ ಕೈಗಾಯದ ವಿಷಯದಲ್ಲಿ ಈ ಸಮಯ ಬಿಟ್ಟುಕೊಡುವುದಿಲ್ಲ.

ಮೊದಲು ಮಲಗಿಸುತ್ತೇವೆ. ಗಟ್ಟಿಮುಟ್ಟಾದ ಆಳೂ ತನ್ನ ರಕ್ತ ಕಂಡು ತಲೆ ಸುತ್ತಿ ಬೀಳಬಹುದು. ಜೊತೆಗೆ ಬಂದವರನ್ನೂ ಕೂರಿಸಬೇಕು, ನಿಂತು ನೋಡುತ್ತಿರುವವರೇ ಹೆಚ್ಚಾಗಿ ಬೀಳುವುದು. ಮುಖ ಬಿಳಿಚಿದೆಯೇ, ತಣ್ಣನೆಯ ಬೆವರಿದೆಯೇ, ನಾಡಿ ಹೇಗಿದೆ ಎಂದು ನೋಡಿ, ಉಂಗುರ, ಬಳೆ, ಕೈಗೆ ಕಟ್ಟಿದ ದಾರ ಎಲ್ಲ ತೆಗೆಸುತ್ತೇವೆ. ಉಂಗುರವನ್ನು ಆಮೇಲೆ ತೆಗೆದರಾಯಿತು ಎಂದುಕೊಂಡರೆ, ಒಂದು ತಾಸಿನಲ್ಲಿ ಬೆರಳು ಊದಿ ಅದೇ ರಕ್ತ ಸಂಚಾರ ನಿಲ್ಲಿಸುವ ಬಳೆಯಾಗುತ್ತದೆ. ಸೋಪು ನೀರು ಹಚ್ಚಿ ತಿರುಗಿಸಿದರೂ ಬರದಿದ್ದರೆ ಕತ್ತರಿಸುವುದೇ ಸರಿ, ಮದುವೆ ಉಂಗುರವಾದರೂ.

ರಕ್ತ ಇನ್ನೂ ಬರುತ್ತಿದ್ದರೆ ಗಾಜ್ (ಗಾಯಕ್ಕೆ ಹಾಕುವ ತೆಳು ಬಲೆಬಟ್ಟೆ) ಮಡಿಸಿ ಗಾಯದ ಮೇಲಿಟ್ಟು ಬೆರಳಿನಿಂದ ನೇರವಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆತ್ತಿ ಹಿಡಿಯುತ್ತೇವೆ. ಗಡಿಯಾರ ನೋಡಿ ಪೂರ್ತಿ 10 ನಿಮಿಷ. ನಿಂತಿತೇ ಎಂದು ಎರಡು ನಿಮಿಷಕ್ಕೊಮ್ಮೆ ಎತ್ತಿ ನೋಡಿದರೆ ಆಗತಾನೇ ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ, ಮತ್ತೆ ಮೊದಲಿನಿಂದ. ಹೊಲದಿಂದ ಬರುವಾಗ ಮುಂಗೈಗೆ ಟವೆಲ್ ಬಿಗಿದು ಬಂದವರಲ್ಲಿ ರಕ್ತ ಇನ್ನೂ ಜಾಸ್ತಿ ಸುರಿಯುತ್ತಿರುವುದುಂಟು. ಅರೆಬರೆ ಬಿಗಿದ ಕಟ್ಟು ಹೃದಯಕ್ಕೆ ವಾಪಸು ಹೋಗುವ ಮೇಲ್ಪದರದ ರಕ್ತನಾಳಗಳನ್ನು ಮಾತ್ರ ಮುಚ್ಚುತ್ತದೆ. ಆಳದ ಅಪಧಮನಿ ರಕ್ತ ತಂದು ಸುರಿಯುತ್ತಲೇ ಇರುತ್ತದೆ. ಗಾಯ ಒತ್ತಿ ಹಿಡಿದುಕೊಂಡು ಆ ಕಟ್ಟು ಬಿಚ್ಚಿದರೆ ಎಷ್ಟೋ ಸಲ ತಾನೇ ನಿಲ್ಲುತ್ತದೆ. ಒತ್ತಿದರೂ ನಿಲ್ಲದೆ ಚಿಮ್ಮುವ, ಜೀವಕ್ಕೆ ಅಪಾಯ ತರುವ ರಕ್ತಸ್ರಾವಕ್ಕೆ ಮಾತ್ರ ಟೂರ್ನಿಕೆ, ಅಂದರೆ ರಕ್ತ ತಡೆಯುವ ಬಿಗಿಪಟ್ಟಿ: ಗಾಯದಿಂದ 5ರಿಂದ 7 ಸೆಂ.ಮೀ. ಮೇಲೆ, ಕೀಲು ಬಿಟ್ಟು, ರಕ್ತ ಪೂರ್ತಿ ನಿಲ್ಲುವಷ್ಟು ಬಿಗಿಯಾಗಿ, ಕಟ್ಟಿದ ಹೊತ್ತು ಬರೆದಿಟ್ಟು.

ಬೆರಳಿನ ಗಾಯದಲ್ಲಿ ಖಂಡಿತ ಮಾಡಬಾರದ ಕೆಲಸವೆಂದರೆ ರಕ್ತದ ಮಡುವಿನೊಳಗೆ ಕುರುಡಾಗಿ ಆರ್ಟರಿ ಫೋರ್ಸೆಪ್ಸ್ (ರಕ್ತನಾಳ ಹಿಡಿಯುವ ಇಕ್ಕಳ) ಹಾಕುವುದು. ಬೆರಳಿನ ಎರಡೂ ಬದಿಯಲ್ಲಿ ಅಪಧಮನಿ ಮತ್ತು ನರ ಅಂಟಿಕೊಂಡೇ ಸಾಗುತ್ತವೆ. ನಾಳ ಹಿಡಿಯಲು ಹೋಗಿ ನರ ಜಜ್ಜಿದರೆ ಕುಡುಗೋಲು ಬಿಟ್ಟದ್ದನ್ನು ನಾವು ಮುಗಿಸಿದಂತೆ. ಇನ್ನೊಂದು ವಿಷಯವೂ ಇಲ್ಲೇ ತಿಳಿಯುತ್ತದೆ. ಬೆರಳಿನಲ್ಲಿ ನರವು ಅಪಧಮನಿಗಿಂತ ಅಂಗೈ ಕಡೆಗೆ, ಅಂದರೆ ಮುಂದೆ ಇರುತ್ತದೆ. ಅಂಗೈ ಕಡೆಯಿಂದ ಬಿದ್ದ ಸೀಳಿನಲ್ಲಿ ರಕ್ತ ಚಿಮ್ಮಿ ಚಿಮ್ಮಿ ಬರುತ್ತಿದ್ದರೆ ಅಲಗು ನರವನ್ನು ದಾಟಿಯೇ ನಾಳ ಮುಟ್ಟಿದೆ, ನರ ತುಂಡಾಗಿದೆ ಎಂದೇ ಹಿಡಿದು ಮುಂದುವರಿಯಬೇಕು.

ರಕ್ತ ಹಿಡಿತಕ್ಕೆ ಬಂದಮೇಲೆ ಪ್ರಶ್ನೆಗಳು. ಯಾವಾಗ ಆಯಿತು, ಯಾವುದರಿಂದ, ಆ ಹೊತ್ತಿಗೆ ಕೈ ಮುಷ್ಟಿ ಕಟ್ಟಿತ್ತೇ ಬಿಚ್ಚಿತ್ತೇ, ಯಾವ ಕೈಯಲ್ಲಿ ಕೆಲಸ ಮಾಡುತ್ತಾರೆ, ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಾರೆಯೇ, ಹಲ್ಲು ಕೀಳಿಸುವಾಗ ಕೊಟ್ಟ ಇಂಜೆಕ್ಷನ್ನಿಗೆ ಏನಾದರೂ ಆಗಿತ್ತೇ. ಮುಷ್ಟಿಯ ಪ್ರಶ್ನೆ ಸುಮ್ಮನೆ ಕೇಳುವುದಲ್ಲ. ಪೈರು ಹಿಡಿದಾಗ ಬೆರಳು ಮಡಿಸಿರುತ್ತದೆ, ನಮ್ಮ ಮುಂದೆ ಬೆರಳು ಚಾಚಿ ಮಲಗಿರುತ್ತಾರೆ. ಮಡಿಸಿದ್ದಾಗ ಕತ್ತರಿಸಿದ ಟೆಂಡನ್ನಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯ) ತುದಿ, ಬೆರಳು ಚಾಚಿದಾಗ ಚರ್ಮದ ಸೀಳಿನಿಂದ ದೂರ ಉಗುರಿನ ಕಡೆಗೆ ಸರಿದುಹೋಗಿರುತ್ತದೆ. ಸೀಳಿನೊಳಗೆ ಇಣುಕಿ "ಎಲ್ಲ ಚೆನ್ನಾಗಿದೆ" ಎಂದು ಮೋಸ ಹೋಗುವುದು ಇಲ್ಲೇ.

ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮುಂಚೆಯೇ ಸ್ಪರ್ಶ ಪರೀಕ್ಷೆ ಮುಗಿದಿರಬೇಕು. ಕೊಟ್ಟಮೇಲೆ ನೋಡಿದರೆ ಸ್ಪರ್ಶ ಇಲ್ಲದ್ದು ನರ ಕತ್ತರಿಸಿದ್ದಕ್ಕೋ ಔಷಧಿಗೋ ಎಂದು ಯಾರೂ ಹೇಳಲಾರರು. ಕಣ್ಣು ಮುಚ್ಚಿಸಿ ಬೆರಳ ತುದಿಯ ಎರಡೂ ಬದಿಗೆ ಬೇರೆ ಬೇರೆಯಾಗಿ ಹತ್ತಿಯ ಎಳೆ ತಾಗಿಸುತ್ತೇವೆ. "ಗೊತ್ತಾಗುತ್ತಾ?" ಎಂದು ಕೇಳಿದರೆ ಬಹಳ ಜನ ಹೂಂ ಎಂದುಬಿಡುತ್ತಾರೆ. "ಆ ಕೈಯ ಕಿರುಬೆರಳಲ್ಲಿ ಆದಂಗೇ ಇದೆಯಾ, ಕಮ್ಮಿ ಇದೆಯಾ?" ಎಂದು ಕೇಳಬೇಕು. ಸಂಶಯ ಬಂದರೆ ಪೇಪರ್ ಕ್ಲಿಪ್ ಬಿಡಿಸಿ ಎರಡು ತುದಿಗಳನ್ನು 5 ಮಿ.ಮೀ. ಅಂತರಕ್ಕೆ ಬಾಗಿಸಿ ಮೆಲ್ಲಗೆ ತಾಗಿಸುತ್ತೇವೆ. ನೆಟ್ಟಗಿರುವ ಬೆರಳ ತುದಿ ಸಾಮಾನ್ಯವಾಗಿ ಅದನ್ನು ಎರಡು ಮೊನೆಯೆಂದೇ ಗುರುತಿಸುತ್ತದೆ. ನರ ತುಂಡಾದ ಬದಿಯಲ್ಲಿ ಬೆವರು ನಿಲ್ಲುವುದರಿಂದ ಚರ್ಮ ಒಣಗಿ ನುಣುಪಾಗಿರುತ್ತದೆ, ಬಾಲ್‌ಪೆನ್ನಿನ ನಯವಾದ ಬದಿಯನ್ನು ಅದರ ಮೇಲೆ ಎಳೆದರೆ ತಡೆಯಿಲ್ಲದೆ ಜಾರುತ್ತದೆ. ಅಳುವ ಮಗು ಉತ್ತರ ಕೊಡುವುದಿಲ್ಲವಲ್ಲ, ಅಂಥ ಕಡೆ ಈ ಪೆನ್ನಿನ ಉಪಾಯ ಬಹಳ ಉಪಯೋಗಕ್ಕೆ ಬರುತ್ತದೆ.

ರಕ್ತ ಸಂಚಾರ ಸರಿಯಿದ್ದರೆ, ಉಗುರು ಒತ್ತಿ ಬಿಟ್ಟಾಗ 2 ಸೆಕೆಂಡಿನೊಳಗೆ ಕೆಂಪು ಮರಳಬೇಕು.

ಆಮೇಲೆ ಟೆಂಡನ್. ಮೊದಲು ಅಂಗೈ ಮೇಲಾಗಿ ಕೈಯನ್ನು ಸಡಿಲ ಬಿಡಿಸಿ ಸುಮ್ಮನೆ ನೋಡುತ್ತೇವೆ. ತೋರುಬೆರಳಿನಿಂದ ಕಿರುಬೆರಳಿನವರೆಗೆ ಬೆರಳುಗಳು ಒಂದಕ್ಕಿಂತ ಒಂದು ಸ್ವಲ್ಪ ಹೆಚ್ಚು ಮಡಿಸಿಕೊಂಡಿರುವುದು ಸಹಜ. ಆ ಸಾಲಿನಲ್ಲಿ ಒಂದು ಬೆರಳು ಮಾತ್ರ ನೆಟ್ಟಗೆ ಚಾಚಿಕೊಂಡಿದ್ದರೆ ಮಡಿಸುವ ಟೆಂಡನ್ನುಗಳು ಹೋಗಿವೆ, ಮುಟ್ಟಿ ನೋಡುವ ಮೊದಲೇ ಗೊತ್ತಾಗುತ್ತದೆ. ಬೆರಳಿಗೆ ಮಡಿಸುವ ಟೆಂಡನ್ ಎರಡು. ಆಳದ್ದು ತುದಿಯ ಗೆಣ್ಣನ್ನು ಮಡಿಸುತ್ತದೆ: ನಡುಗೆಣ್ಣು ಅಲುಗದಂತೆ ಹಿಡಿದು "ತುದಿ ಮಾತ್ರ ಮಡಿಸಿ ಅಣ್ಣಾ" ಎನ್ನಬೇಕು. ಮೇಲಿನದು ನಡುಗೆಣ್ಣನ್ನು ಮಡಿಸುತ್ತದೆ: ಉಳಿದ ಮೂರೂ ಬೆರಳುಗಳನ್ನು ಚಾಚಿ ಒತ್ತಿ ಹಿಡಿದು ಈ ಬೆರಳನ್ನು ಮಡಿಸಲು ಹೇಳಬೇಕು. ಕಿರುಬೆರಳಿನಲ್ಲಿ ಒಂದು ತೊಡಕಿದೆ. ಗಾಯವೇ ಇಲ್ಲದ ಎಷ್ಟೋ ಜನರಿಗೂ ಕಿರುಬೆರಳಿನ ಈ ಎರಡನೇ ಪರೀಕ್ಷೆ ಬರುವುದಿಲ್ಲ, ಅವರಲ್ಲಿ ಅದು ಉಂಗುರ ಬೆರಳಿನ ಜೊತೆ ಸೇರಿಯೇ ಮಡಿಸುತ್ತದೆ. ಆದ್ದರಿಂದ ಮೊದಲು ಬಲಗೈಯಲ್ಲಿ ಮಾಡಿಸಿ ನೋಡಿ, ಆಮೇಲೆ ಗಾಯದ ಕೈಯಲ್ಲಿ.

ಮಡಿಸಿದರೆ ಸಾಲದು, ನಮ್ಮ ಬೆರಳಿನ ಎದುರು ಒತ್ತಿಸಿ ನೋಡಬೇಕು. ಮುಕ್ಕಾಲು ಭಾಗ ಕತ್ತರಿಸಿದ ಟೆಂಡನ್ ಕೂಡ ಬೆರಳನ್ನು ಸಲೀಸಾಗಿ ಮಡಿಸಬಲ್ಲದು. ಒತ್ತಿದಾಗ ಬಲ ಕಮ್ಮಿಯಾದರೆ, ಗಾಯದಿಂದ ದೂರದಲ್ಲಿ ನೋವು ಬಂದರೆ ಒಳಗೆ ಎಲ್ಲೋ ಅರೆ ಕಡಿದಿದೆ ಎಂದರ್ಥ.

ಇಷ್ಟಾದಮೇಲೆ ಮರಗಟ್ಟಿಸುವುದು. ನಮ್ಮಲ್ಲಿರುವುದು 2% ಲಿಗ್ನೊಕೇನ್, ಅಂದರೆ 1 ಮಿ.ಲೀ.ಗೆ 20 ಮಿ.ಗ್ರಾಂ. ರಕ್ತನಾಳ ಬಿಗಿಸುವ ಅಡ್ರಿನಲಿನ್ ಬೆರೆಸದ್ದಾದರೆ ದೇಹತೂಕದ ಪ್ರತಿ ಕೆ.ಜಿ.ಗೆ 4.5 ಮಿ.ಗ್ರಾಂ. ಮೀರಬಾರದು. 50 ಕೆ.ಜಿ. ತೂಕದವರಿಗೆ 225 ಮಿ.ಗ್ರಾಂ., ಎಂದರೆ 11 ಮಿ.ಲೀ. ಆಸುಪಾಸು. ಬೆರಳಿಗೆ ಅಷ್ಟೆಲ್ಲ ಬೇಡವೇ ಬೇಡ. ಬೆರಳಿನ ಬುಡದಲ್ಲಿ ಎರಡೂ ಬದಿಗೆ 26 ಗೇಜ್ ಸೂಜಿಯಲ್ಲಿ ಒಂದೂವರೆಯಿಂದ 2 ಮಿ.ಲೀ., ಪ್ರತಿ ಸಲ ಪಿಸ್ಟನ್ ಹಿಂದೆಳೆದು ರಕ್ತ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ನಿಧಾನವಾಗಿ. ಉರಿ ಬರುವುದು ಬಹುತೇಕ ವೇಗವಾಗಿ ತುಂಬಿದಾಗ. ಕೊಟ್ಟಮೇಲೆ 5ರಿಂದ 10 ನಿಮಿಷ ಕಾಯಲೇಬೇಕು. ಕಾಯದೆ ಚುಚ್ಚಿ, ನೋವೆಂದು ಮತ್ತಷ್ಟು ಔಷಧಿ ತುಂಬಿ, ಬೆರಳು ಬಲೂನಿನಂತೆ ಊದಿಸುವುದು ಅವಸರದ ಫಲ.

ಈಗ ತೊಳೆಯುವುದು. ಇಡೀ ಚಿಕಿತ್ಸೆಯಲ್ಲಿ ಸೋಂಕು ತಡೆಯುವ ಕೆಲಸ ಯಾವುದಾದರೂ ಇದ್ದರೆ ಅದು ಇದೇ. ಮಾತ್ರೆಯೂ ಮುಲಾಮೂ ಇದರ ಮುಂದೆ ಲೆಕ್ಕಕ್ಕಿಲ್ಲ. ಬರುವವರ ಗಾಯದಲ್ಲಿ ಅರಿಶಿನ, ಕಾಫಿಪುಡಿ, ಸುಣ್ಣ, ಬೂದಿ, ಬದುವಿನ ಸೊಪ್ಪಿನ ರಸ ಏನಾದರೊಂದು ಇದ್ದೇ ಇರುತ್ತದೆ. ಬೈಯುವುದಿಲ್ಲ, ಕೈಗೆ ಸಿಕ್ಕಿದ್ದರಲ್ಲಿ ರಕ್ತ ನಿಲ್ಲಿಸಲು ನೋಡಿದ್ದಾರೆ. ಆದರೆ ಕಾಫಿಪುಡಿಯ ಕಣಗಳು ಕೊಬ್ಬಿನ ಪದರಕ್ಕೆ ಕಚ್ಚಿಕೊಂಡು ಒಳಗಿನದೇನೂ ಕಾಣದಂತೆ ಮಾಡುತ್ತವೆ, ಸುಣ್ಣ ಜೀವಂತ ಅಂಚನ್ನೇ ಸುಡುತ್ತದೆ, ಮಣ್ಣು ಸೇರಿದ ಬೂದಿಯಲ್ಲಿ ಧನುರ್ವಾಯುವಿನ ಬೀಜಾಣು ಇರಬಹುದು. ಸ್ವಚ್ಛ ಬಟ್ಟೆ ಒತ್ತಿ ಹಿಡಿದು ಬಂದಿದ್ದರೆ ಸಾಕಿತ್ತು ಎಂದು ಹೇಳಿ ಕಳಿಸುತ್ತೇವೆ.

ಲೆಕ್ಕ ಹೀಗೆ: ಗಾಯದ ಪ್ರತಿ ಸೆಂ.ಮೀ. ಉದ್ದಕ್ಕೆ 50ರಿಂದ 100 ಮಿ.ಲೀ. ನೀರು. 3 ಸೆಂ.ಮೀ. ಗಾಯಕ್ಕೆ 300 ಮಿ.ಲೀ., ಹೊಲದ ಮಣ್ಣು ಸೇರಿದ್ದರೆ 500 ಮಿ.ಲೀ. ಸಲೈನ್ ಬಾಟಲಿ ಪೂರ್ತಿ. ಬಾಟಲಿಯಿಂದ ಸುಮ್ಮನೆ ಸುರಿದರೆ ಮೇಲಿನ ಕೊಳೆ ಹೋಗುತ್ತದೆ, ಒಳಗಿನದು ಹೋಗುವುದಿಲ್ಲ. 20 ಮಿ.ಲೀ. ಸಿರಿಂಜಿಗೆ ಡ್ರಿಪ್ ಹಾಕುವ 18 ಗೇಜ್ ಕ್ಯಾನುಲಾದ ಪ್ಲಾಸ್ಟಿಕ್ ಕೊಳವೆ ಮಾತ್ರ ಸಿಕ್ಕಿಸಿ, ಸೂಜಿ ಎಸೆದು, ಗಾಯದಿಂದ ಒಂದೆರಡು ಸೆಂ.ಮೀ. ದೂರದಿಂದ ಹೆಬ್ಬೆರಳಿನ ಬಲ ಹಾಕಿ ಚಿಮ್ಮಿಸಬೇಕು. ಕನ್ನಡಕ, ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ರಕ್ತ ಬೆರೆತ ನೀರು ಕಣ್ಣಿಗೇ ಹಾರುತ್ತದೆ. ಸಲೈನ್ ಇಲ್ಲದ ಕಡೆ ಕುಡಿಯಲು ಯೋಗ್ಯವಾದ ನಲ್ಲಿ ನೀರು ಅಷ್ಟೇ ಒಳ್ಳೆಯದು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ನೀರು ಬೆರೆಸದ ಪೊವಿಡೋನ್ ಅಯೋಡಿನ್ ಗಾಯದ ಒಳಗೆ ಹಾಕುವುದಿಲ್ಲ. ನೊರೆ ಬಂದರೆ ಶುದ್ಧವಾಯಿತು ಅನ್ನಿಸುತ್ತದೆ, ಆದರೆ ಗಾಯ ಮಾಯಿಸಬೇಕಾದ ಜೀವಕೋಶಗಳಿಗೂ ಅದು ಕೆಡುಕೇ. ಪೊವಿಡೋನ್ ಸುತ್ತಲಿನ ಚರ್ಮಕ್ಕೆ ಮಾತ್ರ.

ತೊಳೆದಮೇಲೆ ರಕ್ತವಿಲ್ಲದ ಗಾಯದಲ್ಲಿ ಇಣುಕಿ ನೋಡಬೇಕು. ಸ್ಟೆರೈಲ್ ಗ್ಲೌಸಿನ ಒಂದು ಬೆರಳನ್ನು ಕತ್ತರಿಸಿ, ತುದಿಗೆ ತೂತು ಮಾಡಿ, ಗಾಯದ ಬೆರಳಿಗೆ ತೊಡಿಸಿ ಬುಡದವರೆಗೆ ಸುರುಳಿ ಸುತ್ತಿದರೆ ಅದೇ ಪುಟ್ಟ ಟೂರ್ನಿಕೆ. ಇದನ್ನು 20 ನಿಮಿಷಕ್ಕಿಂತ ಹೆಚ್ಚು ಇಡುವುದಿಲ್ಲ. ಸುತ್ತಿದ ರಬ್ಬರು ಚರ್ಮದ ಬಣ್ಣದಲ್ಲಿ ಕಳೆದುಹೋಗಿ, ಅದರ ಮೇಲೇ ಬ್ಯಾಂಡೇಜ್ ಸುತ್ತಿ ಮನೆಗೆ ಕಳಿಸಿದರೆ ಬೆರಳೇ ಹೋಗುತ್ತದೆ. ಹಾಗಾಗದಿರಲು ಸುತ್ತಿದ ಕೂಡಲೇ ಅದಕ್ಕೆ ಒಂದು ಆರ್ಟರಿ ಫೋರ್ಸೆಪ್ಸ್ ಸಿಕ್ಕಿಸಿ ನೇತು ಬಿಡುತ್ತೇವೆ. ಅಷ್ಟು ದೊಡ್ಡ ಕಬ್ಬಿಣ ತೂಗುತ್ತಿರುವಾಗ ಯಾರೂ ಮರೆಯಲಾರರು.

ಅಂಚುಗಳನ್ನು ಸ್ಕಿನ್ ಹುಕ್ಕಿನಿಂದ ಮೆಲ್ಲಗೆ ಅಗಲಿಸಿ, ಬೆರಳನ್ನು ಪೂರ್ತಿ ಚಾಚಿಸಿ ಒಮ್ಮೆ, ಪೈರು ಹಿಡಿದ ಭಂಗಿಗೆ ಮಡಿಸಿ ಒಮ್ಮೆ ನೋಡುತ್ತೇವೆ. ಟೆಂಡನ್ ಮುತ್ತಿನಂತೆ ಬೆಳ್ಳಗೆ ಹೊಳೆಯುತ್ತದೆ. ಬೆರಳು ಅಲುಗಿಸುತ್ತಿದ್ದಂತೆ ಅದು ಸರಿದಾಡುವಾಗ ಮೇಲ್ಮೈಯಲ್ಲಿ ಒಂದು ಕಚ್ಚು ಹಾದುಹೋಗುವುದು ಕಂಡರೆ ಅರೆ ಕಡಿದದ್ದು ಖಚಿತ. ಮೂಳೆಗೆ ಏಟು ಬಿದ್ದ ಸಂಶಯವಿದ್ದರೆ ಎಕ್ಸ್‌ರೇ. ಕುಡುಗೋಲಿನ ಬದಲು ಗಾಜಿನ ಗಾಯವಾದರೂ ಎಕ್ಸ್‌ರೇ, ಯಾಕೆಂದರೆ 2 ಮಿ.ಮೀ. ಮೀರಿದ ಗಾಜಿನ ಚೂರು ಬಹುತೇಕ ಅದರಲ್ಲಿ ಕಾಣುತ್ತದೆ. ಮರದ ಸಿಬಿರು, ಮುಳ್ಳು ಕಾಣುವುದಿಲ್ಲ, ಅದಕ್ಕೆ ಅಲ್ಟ್ರಾಸೌಂಡ್.

ಟೆಂಡನ್ ಅಥವಾ ನರ ತುಂಡಾಗಿದ್ದರೆ ನಮ್ಮ ಕೆಲಸ ಬೇರೆ ದಾರಿ ಹಿಡಿಯುತ್ತದೆ. ತುದಿಗಳನ್ನು ಹುಡುಕಲು ಅಂಗೈಯೊಳಗೆ ಫೋರ್ಸೆಪ್ಸ್ ಹಾಕಿ ಕೆದಕುವುದಿಲ್ಲ. ಚೆನ್ನಾಗಿ ತೊಳೆದು, ಚರ್ಮ ಮಾತ್ರ ಸಡಿಲವಾಗಿ ಮುಚ್ಚಿ, ಮಣಿಕಟ್ಟು ಸ್ವಲ್ಪ ಒಳಗೆ ಬಾಗಿರುವಂತೆ ಕೈಯ ಹಿಂಬದಿಗೆ ಪ್ಲಾಸ್ಟರ್ ಸ್ಲ್ಯಾಬ್ ಹಾಕಿ, ಪ್ಲಾಸ್ಟಿಕ್ ಸರ್ಜನ್ ಇರುವ ದೊಡ್ಡ ಆಸ್ಪತ್ರೆಗೆ ಅದೇ ದಿನ ಚೀಟಿ ಬರೆಯುತ್ತೇವೆ. ಇದು ಕೆಲವು ದಿನಗಳೊಳಗೆ ಆಗಬೇಕಾದ ಆಪರೇಷನ್. ಕೊಯ್ಲು ಮುಗಿಸಿ ಹೋಗುತ್ತೇನೆ ಎನ್ನುವವರಿಗೆ ಒಂದೇ ಮಾತು ಹೇಳುವುದು: ವಾರಗಳು ಕಳೆದರೆ ಟೆಂಡನ್ ಹಿಂದೆ ಸರಿದು ಮೊಟಕಾಗಿ, ನೇರವಾಗಿ ಜೋಡಿಸಲಾಗದೆ ಬೇರೆಡೆಯ ಟೆಂಡನ್ ತಂದು ಹಾಕುವ ದೊಡ್ಡ ಕೆಲಸವಾಗುತ್ತದೆ. ಬೆರಳು ಪೂರ್ತಿ ತುಂಡಾಗಿದ್ದರೆ ತುಂಡನ್ನು ಒದ್ದೆ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ಬೆರೆಸಿದ ನೀರಿನಲ್ಲಿಡಬೇಕು. ನೇರವಾಗಿ ಐಸಿನ ಮೇಲಿಟ್ಟರೆ ತುಂಡು ಹೆಪ್ಪುಗಟ್ಟಿ ಕೆಡುತ್ತದೆ.

ಒಳಗೆಲ್ಲ ಸರಿಯಿದ್ದು, ಶುದ್ಧವಾದ ಕತ್ತರಿ ಗಾಯವಾಗಿದ್ದರೆ ಹೊಲಿಗೆ. ಬೆರಳಿಗೆ 5-0 ಅಳತೆಯ ತೆಳು ನೈಲಾನ್ ದಾರ. ಸೂಜಿ ಚರ್ಮಕ್ಕೆ ನೆಟ್ಟಗೆ ಲಂಬವಾಗಿ ಇಳಿಯಬೇಕು, ಅಂಚಿನಿಂದ ಸುಮಾರು 3 ಮಿ.ಮೀ. ದೂರ, ಹೊಲಿಗೆಯಿಂದ ಹೊಲಿಗೆಗೆ 4ರಿಂದ 5 ಮಿ.ಮೀ. ಮೊದಲ ಹೊಲಿಗೆ ಗಾಯದ ನಡುವಿಗೆ, ಇಲ್ಲವೇ ಗೆಣ್ಣಿನ ಗೆರೆ ಕತ್ತರಿಸಿದ್ದರೆ ಆ ಗೆರೆ ಗೆರೆಗೆ ಸರಿಯಾಗಿ ಕೂರುವ ಜಾಗಕ್ಕೆ. ಅಂಚುಗಳು ಒಂದನ್ನೊಂದು ಮುಟ್ಟಿ ಚೂರು ಮೇಲೆದ್ದಿರಬೇಕು, ಒಳಮಡಿಸಿಕೊಂಡರೆ ಮಾಯುವುದಿಲ್ಲ. ಗಂಟು ಹಾಕಿದಾಗ ನಡುವಿನ ಚರ್ಮ ಬಿಳಿಚಿದರೆ ಬಿಗಿ ಹೆಚ್ಚಾಯಿತು, ಬಿಚ್ಚಿ ಮತ್ತೆ ಹಾಕಿ. ನಾಳೆ ಊತ ಬಂದಾಗ ಅದೇ ದಾರ ಚರ್ಮ ಕೊಯ್ಯುತ್ತದೆ.

ಎಲ್ಲ ಗಾಯಕ್ಕೂ ಅವತ್ತೇ ಹೊಲಿಗೆ ಹಾಕುವುದಿಲ್ಲ. ಸಗಣಿ, ಮಣ್ಣು ತುಂಬಿಕೊಂಡದ್ದು, ಜಜ್ಜಿಹೋದದ್ದು, ಎರಡು ದಿನ ಕಳೆದು ಕೀವಿಗೆ ತಿರುಗಿದ್ದು ಇವನ್ನು ತೊಳೆದು ತೆರೆದಿಟ್ಟು ದಿನಾ ಡ್ರೆಸ್ಸಿಂಗ್ ಮಾಡಿ, ಸ್ವಚ್ಛವಾದರೆ ನಾಲ್ಕೈದನೇ ದಿನ ಮುಚ್ಚುತ್ತೇವೆ. ನಾಯಿ ಕಚ್ಚಿದ್ದರ ದಾರಿಯೇ ಬೇರೆ: 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆತ, ರೇಬೀಸ್ ಲಸಿಕೆ, ರಕ್ತ ಬಂದಿದ್ದರೆ ಗಾಯದೊಳಗೂ ಸುತ್ತಲೂ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್). ಹೊಲಿಗೆ ಆದಷ್ಟೂ ಬೇಡ.

ಟಿಟಿ ಎಂದು ಜನ ಕೇಳುವ ಜಾಗದಲ್ಲಿ ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವುದು ಟಿಡಿ, ಧನುರ್ವಾಯುವಿನ ಜೊತೆ ಗಂಟಲಮಾರಿಗೂ ಸೇರಿದ ಲಸಿಕೆ. ಪ್ರತಿ ಗೀರಿಗೂ ಅದು ಬೇಕಿಲ್ಲ. ಹಿಂದೆ ಮೂರು ಡೋಸ್ ಪೂರ್ತಿಯಾಗಿದ್ದವರಿಗೆ ಶುದ್ಧ ಸಣ್ಣ ಗಾಯಕ್ಕೆ 10 ವರ್ಷ, ಹೊಲದ ಮಣ್ಣಿನ ಗಾಯಕ್ಕೆ 5 ವರ್ಷ ದಾಟಿದ್ದರೆ ಒಂದು ಡೋಸ್. ನಮಗೆ ಚಿಂತೆಯಿರುವುದು ವಯಸ್ಸಾದ ಗಂಡಸರ ಬಗ್ಗೆ. ಹೆಂಗಸರಿಗೆ ಬಸುರಿಯಿದ್ದಾಗಲಾದರೂ ಲಸಿಕೆ ಬಿದ್ದಿರುತ್ತದೆ, ಇವರಲ್ಲಿ ಅನೇಕರಿಗೆ ಮೊದಲ ಮೂರು ಡೋಸೇ ಆಗಿರುವುದಿಲ್ಲ. ಅಂಥವರಿಗೆ ಕೊಳೆ ಗಾಯವಾದರೆ ಲಸಿಕೆಯ ಜೊತೆಗೆ ಇನ್ನೊಂದು ತೋಳಿಗೆ 250 ಯೂನಿಟ್ ಟೆಟನಸ್ ಇಮ್ಯುನೊಗ್ಲೋಬ್ಯುಲಿನ್ ಬೇಕು. ಜೊತೆಗೆ ನಾಲ್ಕು ವಾರಕ್ಕೆ ಎರಡನೇ ಡೋಸಿಗೆ, ಅದಾದ ಆರು ತಿಂಗಳಿಗೆ ಮೂರನೇ ಡೋಸಿಗೆ ಬನ್ನಿ ಎಂದು ಚೀಟಿಯಲ್ಲಿ ತಾರೀಕು ಸಮೇತ ಬರೆದುಕೊಡುತ್ತೇವೆ. ಬಾಯಲ್ಲಿ ಹೇಳಿದ್ದು ಬಸ್‌ಸ್ಟ್ಯಾಂಡ್ ತಲುಪುವುದರೊಳಗೆ ಮರೆತುಹೋಗುತ್ತದೆ.

ಗಾಯದ ಮೇಲೆ ಪ್ಯಾರಾಫಿನ್ ಗಾಜ್, ಅದರ ಮೇಲೆ ಒಣ ಗಾಜ್, ಆಮೇಲೆ ಬ್ಯಾಂಡೇಜ್. ಬೆರಳಿನ ತುದಿ ಹೊರಗೆ ಕಾಣಬೇಕು, ಪ್ಲಾಸ್ಟರ್ ಟೇಪನ್ನು ಬಳೆಯಂತೆ ಸುತ್ತಬಾರದು. ಕೈ ಎರಡು ದಿನ ಎದೆಗಿಂತ ಮೇಲೆ, ರಾತ್ರಿ ದಿಂಬಿನ ಮೇಲೆ. ನೋವಿಗೆ ಪ್ಯಾರಸಿಟಮಾಲ್. ಶುದ್ಧ ಕತ್ತರಿ ಗಾಯಕ್ಕೆ ಆಂಟಿಬಯೋಟಿಕ್ ಬರೆಯುವುದಿಲ್ಲ, ಎಷ್ಟು ಕೇಳಿದರೂ. 48 ಗಂಟೆ ಒಣಗಿಸಿಟ್ಟು ಆಮೇಲೆ ಸೋಪು ನೀರಿನಲ್ಲಿ ಮೆಲ್ಲಗೆ ತೊಳೆಯಬಹುದು. ಆಂಟಿಬಯೋಟಿಕ್ ಪೌಡರ್ ಉದುರಿಸಿಕೊಂಡು ಬರುವವರ ಗಾಯದಲ್ಲಿ ಪುಡಿ, ರಸಿಗೆ ಸೇರಿ ಗಾರೆಯಂತೆ ಗಟ್ಟಿಯಾಗಿ ಅದರಡಿಯೇ ಕೀವು ನಿಂತಿರುತ್ತದೆ.

ಹೊರಡುವಾಗ ಕೇಳುವ ಪ್ರಶ್ನೆ ಯಾವಾಗಲೂ ಪಥ್ಯದ್ದು. ಮೊಟ್ಟೆ, ಮೀನು, ಬದನೆಕಾಯಿ ತಿಂದರೆ ನಂಜಾಗುತ್ತದೆಂದು ಮನೆಯಲ್ಲಿ ಬರೀ ಸಾರು ಅನ್ನ ಹಾಕುತ್ತಾರೆ. ಕೀವು ಬರುವುದು ಗಾಯದೊಳಗೆ ಉಳಿದ ಕೊಳೆಯಿಂದ, ಸೋಂಕಿನಿಂದ. ಗಾಯ ಕೂಡಿಕೊಳ್ಳಲು ಮಾಂಸ ಕಟ್ಟುವ ಆಹಾರ ಬೇಕು. ಮೊಟ್ಟೆ, ಬೇಳೆ, ಕಾಳು, ಮೀನು ಎಲ್ಲ ಕೊಡಿ ಎಂದು ಮನೆಯ ಹಿರಿಯರನ್ನೇ ಕರೆದು ಹೇಳುತ್ತೇವೆ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಹತೋಟಿಯೇ ದೊಡ್ಡ ಪಥ್ಯ.

ಎರಡನೇ ದಿನ ಗಾಯ ತೋರಿಸಲು ಬರಲೇಬೇಕು. ಹೊಲಿಗೆಯ ಸುತ್ತ ಎರಡು ಮೂರು ಮಿ.ಮೀ. ಕೆಂಪು ಸಹಜ. ಕೆಂಪು ಹರಡುತ್ತಿದೆ ಅನ್ನಿಸಿದರೆ ಅದರ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಕಳಿಸುತ್ತೇವೆ, ಗೆರೆ ದಾಟಿದರೆ ಅದೇ ದಿನ ವಾಪಸು. ಮುಂಗೈ ಮೇಲೆ ಕಂಕುಳ ಕಡೆಗೆ ಕೆಂಪು ಗೆರೆ ಏರುವುದು, ಜ್ವರ, ಮಿಡಿಯುವ ನೋವು ಬಂದರೂ ಕಾಯಬಾರದು. ಬೆರಳಿಗೆ ಇನ್ನೊಂದು ಅಪಾಯವಿದೆ: ಇಡೀ ಬೆರಳು ಸಮನಾಗಿ ಊದಿ, ಸ್ವಲ್ಪ ಮಡಿಸಿಕೊಂಡೇ ಇದ್ದು, ಅಂಗೈ ಬದಿಯುದ್ದಕ್ಕೂ ಮುಟ್ಟಿದರೆ ನೋವು, ನಾವು ಮೆಲ್ಲಗೆ ಚಾಚಿಸಿದರೆ ಚೀರುವಷ್ಟು ನೋವು. ಈ ನಾಲ್ಕೂ ಸೇರಿದರೆ ಟೆಂಡನ್ನಿನ ಕೋಶದೊಳಗೆ ಕೀವು ತುಂಬಿದೆ. ಮಾತ್ರೆಗೆ ಬಗ್ಗುವ ಹಂತ ಅದಲ್ಲ, ಆಪರೇಷನ್ ಥಿಯೇಟರಿಗೆ ಕಳಿಸಬೇಕು.

ಬೆರಳಿನ ಹೊಲಿಗೆ 8ರಿಂದ 10 ದಿನಕ್ಕೆ, ಗೆಣ್ಣಿನ ಮೇಲಿದ್ದರೆ 10ರಿಂದ 14 ದಿನಕ್ಕೆ ಬಿಚ್ಚುತ್ತೇವೆ. ಮೊದಲು ಒಂದು ಬಿಟ್ಟು ಒಂದು. ಅಂಚು ಬಾಯಿ ಬಿಡದಿದ್ದರೆ ಉಳಿದವು. ಗಂಟನ್ನು ಎತ್ತಿ ಚರ್ಮಕ್ಕೆ ಹತ್ತಿರದ ದಾರ ಕತ್ತರಿಸಿ ಗಾಯದ ಕಡೆಗೇ ಎಳೆಯಬೇಕು, ಇಲ್ಲದಿದ್ದರೆ ಹೊರಗಿನ ಕೊಳಕು ದಾರ ಒಳಗಿಂದ ಹಾದುಹೋಗುತ್ತದೆ. ಮೂರು ವಾರ ಕಳೆದರೂ ಕೂಡಿದ ಚರ್ಮಕ್ಕೆ ಮೊದಲಿನ ಬಲದ ಐದನೇ ಒಂದು ಪಾಲು ಮಾತ್ರ ಬಂದಿರುತ್ತದೆ, ಹಾಗಾಗಿ ಬಿಚ್ಚಿದ ಮರುದಿನವೇ ಹೊರೆ ಎತ್ತುವುದು, ನೀರು ಸೇದುವುದು ಬೇಡ. ಆದರೆ ಬೆರಳನ್ನು ಖಾಲಿ ಕೈಯಲ್ಲಿ ಮಡಿಸಿ ಚಾಚುವುದನ್ನು ಅವತ್ತಿನಿಂದಲೇ ಶುರು ಮಾಡಿಸುತ್ತೇವೆ, ಸುಮ್ಮನೆ ಬಿಟ್ಟರೆ ಗೆಣ್ಣು ಬಿಗಿದುಕೊಳ್ಳುತ್ತದೆ.

ಅದೇ ಹೊತ್ತಿಗೆ ತುದಿಗೆಣ್ಣು, ನಡುಗೆಣ್ಣು, ಎರಡೂ ಬದಿಯ ಸ್ಪರ್ಶ ಎಲ್ಲವನ್ನೂ ಇನ್ನೊಮ್ಮೆ ನೋಡಿ ಚೀಟಿಯಲ್ಲಿ ಬರೆಯಬೇಕು. ಮೊದಲ ದಿನ ನೋವಿನಲ್ಲಿ ಸರಿಯಾಗಿ ಗೊತ್ತಾಗದ ಅರೆ ಕಡಿತ ಈ ದಿನಗಳಲ್ಲಿ ಪೂರ್ತಿ ಹರಿದಿರಬಹುದು. ನಿನ್ನೆಯವರೆಗೆ ಮಡಿಸುತ್ತಿದ್ದ ತುದಿ ಇವತ್ತು ಮಡಿಸುವುದಿಲ್ಲ ಎಂದರೆ "ವ್ಯಾಯಾಮ ಮಾಡಿ, ಸರಿಹೋಗುತ್ತೆ" ಎನ್ನದೆ ಆ ಕ್ಷಣವೇ ಸ್ಲ್ಯಾಬ್ ಹಾಕಿ ದೊಡ್ಡಾಸ್ಪತ್ರೆಗೆ ಕಳಿಸಬೇಕು.